ಮುಳ್ಳುಹಂದಿಗಳ ನಡುವಿನ ಅಂತರ: ಮನೋವೈಜ್ಞಾನಿಕ ಅನಿಮೆಯಲ್ಲಿ ನೋವು ಮತ್ತು ಗೆಳೆತನ

ನೋವನ್ನು ಹಂಚಿಕೊಂಡರೆ ಹಗುರವಾಗುತ್ತದೆ ಎಂಬುದು ಗೆಳೆತನವನ್ನು ಕುರಿತ ಅತ್ಯಂತ ಹಳೆಯ ನಂಬಿಕೆಗಳಲ್ಲಿ ಒಂದು. ಊಟಕ್ಕೂ ಆಸ್ತಿಗೂ ಬಳಸುವ ‘ಹಂಚಿಕೊಳ್ಳು’ ಎಂಬ ಕ್ರಿಯಾಪದವನ್ನೇ ಕನ್ನಡವು ದುಃಖಕ್ಕೂ ಬಳಸುತ್ತದೆ. ಹಾಗೆ ಬಳಸುವಾಗ, ಒಬ್ಬರ ಪಾಲು ಇನ್ನೊಬ್ಬರಿಗೆ ಹೋದಷ್ಟೂ ಮೊದಲಿನವರ ಬಳಿ ಉಳಿಯುವುದು ಕಡಿಮೆಯಾಗುತ್ತದೆ ಎಂಬ ಲೆಕ್ಕವೂ ಆ ಮಾತಿನೊಳಗೆ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಆ ಲೆಕ್ಕ ಎಷ್ಟರಮಟ್ಟಿಗೆ ನಿಜ, ಒಬ್ಬರ ನೋವು ಇನ್ನೊಬ್ಬರನ್ನು ನಿಜವಾಗಿ ತಲುಪಬಲ್ಲದೆ, ತಲುಪುವುದೇ ಆದರೆ ಅದನ್ನು ಗೆಳೆತನ ಎನ್ನಬಹುದೆ ಎಂಬ ಪ್ರಶ್ನೆಗಳನ್ನು ಕಳೆದ ಮೂರು ದಶಕಗಳಲ್ಲಿ ಬಿಡದೆ ಕೆದಕಿದ ಕಲಾಪ್ರಕಾರಗಳಲ್ಲಿ ಜಪಾನಿನ ಅನಿಮೇಷನ್ ಧಾರಾವಾಹಿ, ಅಂದರೆ ಅನಿಮೆ, ಗಮನಾರ್ಹವಾದದ್ದು.

ಅನಿಮೆಯಲ್ಲಿ ‘ಮನೋವೈಜ್ಞಾನಿಕ’ ಎಂದು ಗುರುತಿಸಲಾಗುವ ಕವಲಿಗೆ ಖಚಿತವಾದ ಗಡಿರೇಖೆಯಿಲ್ಲ. ಯುದ್ಧ, ಕ್ರೀಡೆ, ಮಾಯಾಲೋಕ, ಶಾಲಾಜೀವನ ಎಂಬ ಯಾವ ವಸ್ತುವನ್ನಾದರೂ ಎತ್ತಿಕೊಂಡು, ಹೊರಗಿನ ಘಟನೆಗಳಿಗಿಂತ ಪಾತ್ರಗಳ ಒಳಗಿನ ಭಯ, ಅಪರಾಧಪ್ರಜ್ಞೆ, ಒಂಟಿತನ, ನೆನಪುಗಳೇ ಕಥೆಯನ್ನು ನಡೆಸುವಂತೆ ಮಾಡಿದ ಕೃತಿಗಳೆಲ್ಲ ಈ ಕವಲಿಗೆ ಸೇರುತ್ತವೆ. ಪ್ರಸ್ತುತ ಸಮೀಕ್ಷೆಯು 1995ರಲ್ಲಿ ಪ್ರಸಾರ ಆರಂಭಿಸಿದ ‘ನಿಯಾನ್ ಜೆನೆಸಿಸ್ ಇವಾಂಗೆಲಿಯನ್’ ಧಾರಾವಾಹಿಯನ್ನು ಕೇಂದ್ರದಲ್ಲಿಟ್ಟುಕೊಂಡು, ಅದು ಎತ್ತಿದ ಪ್ರಶ್ನೆಯನ್ನು ನಂತರದ ಕೆಲವು ಕೃತಿಗಳು ಎತ್ತ ಒಯ್ದವು ಎಂಬುದನ್ನು ಪರಿಶೀಲಿಸುತ್ತದೆ. ಈ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಿನ್ಯಾಸವಿದೆ: ಮನುಷ್ಯರ ನಡುವಿನ ಗೋಡೆಯನ್ನೇ ಕೆಡವಿ ನೋವನ್ನು ಕೊನೆಗಾಣಿಸುವ ಯೋಜನೆಯೊಂದು ಮೊದಲು ಪರಿಹಾರದ ರೂಪದಲ್ಲಿ ಮುಂದೆ ಬರುತ್ತದೆ, ಕಥೆ ಅದನ್ನು ಕೊನೆಯವರೆಗೂ ಪರೀಕ್ಷಿಸುತ್ತದೆ, ಕೊನೆಗೆ ಗೆಳೆತನಕ್ಕೆ ಆ ಗೋಡೆ ಬೇಕೇ ಬೇಕು ಎಂಬ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ.

ಹಿನ್ನೆಲೆ

ಈ ಕೃತಿಗಳ ವಿಶೇಷತೆ ಅರ್ಥವಾಗಬೇಕಾದರೆ ಅವು ಯಾವುದಕ್ಕೆ ಬೆನ್ನು ತಿರುಗಿಸಿದವು ಎಂಬುದನ್ನು ಮೊದಲು ನೋಡಬೇಕು. ಹುಡುಗರಿಗಾಗಿ ಪ್ರಕಟವಾಗುವ ಜಪಾನಿನ ಮಾಂಗಾ ಪತ್ರಿಕೆಗಳಲ್ಲಿ, ಅಂದರೆ ಚಿತ್ರಕಥಾ ಪತ್ರಿಕೆಗಳಲ್ಲಿ, ಅಗ್ರಗಣ್ಯವಾದ ‘ಶೋನೆನ್ ಜಂಪ್’ ಗೆಳೆತನ, ಪರಿಶ್ರಮ, ವಿಜಯ ಎಂಬ ಮೂರು ಮಾತುಗಳನ್ನು ತನ್ನ ಕಥೆಗಳ ಸೂತ್ರವಾಗಿಸಿಕೊಂಡಿತ್ತು. ಆ ಮಾದರಿಯಲ್ಲಿ ಗೆಳೆತನವೆಂಬುದು ಒಂದು ಶಕ್ತಿ: ನಾಯಕ ಸೋತು ಬಿದ್ದಾಗ ಗೆಳೆಯರ ನೆನಪು ಅವನನ್ನು ಎಬ್ಬಿಸಿ ನಿಲ್ಲಿಸುತ್ತದೆ, ಅವರ ಪರವಾಗಿ ಉಂಡ ಪೆಟ್ಟು ಮುಂದಿನ ಗೆಲುವಿಗೆ ಮೆಟ್ಟಿಲಾಗುತ್ತದೆ. ಅಲ್ಲಿ ನೋವಿಗೆ ಯಾವಾಗಲೂ ಒಂದು ಫಲವುಂಟು. ಮನೋವೈಜ್ಞಾನಿಕ ಅನಿಮೆ ಈ ಫಲದ ಭರವಸೆಯನ್ನೇ ಕಿತ್ತುಹಾಕಿ, ಯಾವ ಗೆಲುವಿಗೂ ದಾರಿಯಾಗದ ನೋವಿನ ಮುಂದೆ ಗೆಳೆಯನೊಬ್ಬನನ್ನು ತಂದು ನಿಲ್ಲಿಸಿ, ಈಗ ಅವನು ಮಾಡಬಹುದಾದದ್ದೇನು ಎಂದು ಕೇಳುತ್ತದೆ.

ಈ ತಿರುವಿಗೆ ಕಾಲವೂ ಅನುಕೂಲವಾಗಿ ಒದಗಿಬಂತು. 1990ರ ದಶಕದ ಆರಂಭದಲ್ಲಿ ಜಪಾನಿನ ಆರ್ಥಿಕ ಉಬ್ಬರ ಒಡೆದುಹೋಗಿ, ದುಡಿದರೆ ಬದುಕು ಭದ್ರ ಎಂಬ ಯುದ್ಧೋತ್ತರ ಪೀಳಿಗೆಯ ನಂಬಿಕೆ ಕುಸಿದಿತ್ತು. 1995ರ ಜನವರಿ 17ರಂದು ಕೋಬೆ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಎರಡು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, ಮಾರ್ಚ್ 20ರಂದು, ಓಮ್ ಶಿನ್ರಿಕ್ಯೊ ಎಂಬ ಪಂಥದವರು ಟೋಕಿಯೊದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಹರಡಿದರು. ಅದೇ ವರ್ಷದ ಅಕ್ಟೋಬರ್ 4ರಂದು ಟಿವಿ ಟೋಕಿಯೊ ವಾಹಿನಿಯಲ್ಲಿ ‘ಇವಾಂಗೆಲಿಯನ್’ ಆರಂಭವಾಯಿತು. ಮನೆಯ ಕೋಣೆಯೊಳಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಚ್ಚಿಕೊಂಡು ಕೂರುವ ‘ಹಿಕಿಕೊಮೊರಿ’ ಸ್ಥಿತಿಯನ್ನು ಕುರಿತು ಮನೋವೈದ್ಯ ತಾಮಾಕಿ ಸಾಯಿತೊ ಬರೆದ ಪುಸ್ತಕ 1998ರಲ್ಲಿ ಹೊರಬಂದು ಆ ಪದವನ್ನು ಮನೆಮಾತಾಗಿಸಿತು. ಶಾಲೆಯಲ್ಲಿ ಗುಂಪುಗೂಡಿ ಒಬ್ಬರನ್ನು ಕಾಡುವ ‘ಇಜಿಮೆ’ ಅದಕ್ಕಿಂತ ಮೊದಲೇ ರಾಷ್ಟ್ರೀಯ ಚರ್ಚೆಯ ವಿಷಯವಾಗಿತ್ತು.

ಇನ್ನೊಂದು ಪರಿಕಲ್ಪನೆಯನ್ನೂ ಇಲ್ಲಿ ನೆನೆಯಬೇಕು. ಮನೋವಿಶ್ಲೇಷಕ ತಾಕೆಯೊ ದೊಯಿ 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಅಮಾಯೆ’ ಎಂಬ ಜಪಾನೀ ಪದವನ್ನು ವಿಶ್ಲೇಷಿಸಿದರು. ಮಗು ತಾಯಿಯ ಸೆರಗು ಹಿಡಿದು ಮುದ್ದುಗರೆಯುವಂತೆ, ಬಾಯಿ ಬಿಟ್ಟು ಕೇಳದಿದ್ದರೂ ಎದುರಿನವರು ತನ್ನ ಮನಸ್ಸನ್ನು ಅರಿತು ನಡೆದುಕೊಳ್ಳುತ್ತಾರೆ ಎಂಬ ಸಲಿಗೆಯ ಅವಲಂಬನೆಯೇ ಅಮಾಯೆ. ಜಪಾನೀ ಸಂಬಂಧಗಳ ಒಳತಿರುಳು ಅದೇ ಎಂಬುದು ದೊಯಿಯವರ ವಾದ. ಈ ವಾದವು ಇಡೀ ಸಮಾಜವೊಂದನ್ನು ಒಂದೇ ಪದದಲ್ಲಿ ಹಿಡಿದಿಡಲು ಹೊರಟಿದೆ ಎಂಬ ಟೀಕೆಯನ್ನು ಎದುರಿಸಿದೆಯಾದರೂ, ಇಲ್ಲಿ ಚರ್ಚಿಸುವ ಧಾರಾವಾಹಿಗಳನ್ನು ಓದಲು ಅದು ಒಳ್ಳೆಯ ಕೀಲಿಕೈ. ಏಕೆಂದರೆ ಈ ಕಥೆಗಳ ಹುಡುಗ ಹುಡುಗಿಯರು ಸಾಮಾನ್ಯವಾಗಿ ಆ ಮೊದಲ ಸಲಿಗೆಯನ್ನೇ ಕಳೆದುಕೊಂಡವರು. ಕೇಳದೆಯೇ ಅರಿಯುವವರು ಇಲ್ಲವಾದ ಮೇಲೆ ಬಾಯಿ ಬಿಟ್ಟು ಕೇಳುವುದನ್ನು ಇನ್ನೂ ಕಲಿಯದವರು.

ಇವಾಂಗೆಲಿಯನ್: ಮುಳ್ಳು ಮತ್ತು ಚಳಿ

‘ಇವಾಂಗೆಲಿಯನ್’ 26 ಕಂತುಗಳ ಧಾರಾವಾಹಿ. ಗೈನಾಕ್ಸ್ ಸಂಸ್ಥೆಗಾಗಿ ಅದನ್ನು ನಿರ್ದೇಶಿಸಿದ ಹಿಡೆಯಾಕಿ ಆನ್ನೊ, ‘ನಾಡಿಯಾ’ ಎಂಬ ತಮ್ಮ ಹಿಂದಿನ ಧಾರಾವಾಹಿ ಮುಗಿದ ಮೇಲೆ ನಾಲ್ಕು ವರ್ಷ ಏನನ್ನೂ ಮಾಡಲಾಗದ ಖಿನ್ನತೆಯಲ್ಲಿದ್ದುದನ್ನು ತಾವೇ ಬರೆದುಕೊಂಡಿದ್ದಾರೆ. ಕಥೆಯ ಹೊರಕವಚ ಆ ಪ್ರಕಾರದ ವೀಕ್ಷಕರಿಗೆ ಪರಿಚಿತವಾದದ್ದೇ: ಮಹಾದುರಂತವೊಂದರಿಂದ ಅರ್ಧ ನಾಶವಾದ ಜಗತ್ತಿನ ಮೇಲೆ ‘ದೇವದೂತ’ರೆಂದು ಕರೆಯಲಾಗುವ ವಿಚಿತ್ರ ಜೀವಿಗಳು ಒಂದೊಂದಾಗಿ ದಾಳಿಯಿಡುತ್ತವೆ, ಅವುಗಳನ್ನು ಎದುರಿಸಲು ‘ಇವಾ’ ಎಂಬ ದೈತ್ಯದೇಹಗಳನ್ನು ಹದಿನಾಲ್ಕರ ಮಕ್ಕಳು ಒಳಗೆ ಕುಳಿತು ನಡೆಸುತ್ತಾರೆ. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡು, ತಂದೆ ಗೆಂಡೊನಿಂದ ಪರರ ಮನೆಗೆ ದಾಟಿಸಲ್ಪಟ್ಟಿದ್ದ ಶಿಂಜಿ ಇಕಾರಿ ಎಂಬ ಹುಡುಗನನ್ನು ಆ ತಂದೆಯೇ ವರ್ಷಗಳ ನಂತರ ಕರೆಸಿಕೊಳ್ಳುತ್ತಾನೆ. ಕರೆಸಿದ್ದು ಮಗನೆಂಬ ಕಾರಣಕ್ಕಲ್ಲ, ಇವಾವನ್ನು ನಡೆಸಲು ಬೇಕಾಗಿದ್ದಾನೆಂಬ ಕಾರಣಕ್ಕೆ.

ಆನ್ನೊ ಮಾಡಿದ ಮೊದಲ ಮಹತ್ವದ ಬದಲಾವಣೆ ಯಂತ್ರ ಮತ್ತು ಚಾಲಕರ ಸಂಬಂಧದಲ್ಲಿದೆ. ಹಳೆಯ ರೋಬೋ ಕಥೆಗಳಲ್ಲಿ ಯಂತ್ರವು ಹುಡುಗನನ್ನು ಕಾಪಾಡುವ ಕವಚವಾಗಿರುತ್ತಿತ್ತು. ಇಲ್ಲಿ ಇವಾದ ನರವ್ಯೂಹಕ್ಕೂ ಚಾಲಕರ ಮನಸ್ಸಿಗೂ ಬೆಸುಗೆಯಿರುವುದರಿಂದ ಇವಾದ ಕೈ ಮುರಿದರೆ ಶಿಂಜಿ ತನ್ನ ಕೈ ಹಿಡಿದುಕೊಂಡು ಚೀರುತ್ತಾನೆ. ಬೆಸುಗೆ ಚೆನ್ನಾಗಿ ಕೂಡಿಕೊಂಡಷ್ಟೂ ಹೋರಾಟ ಸಮರ್ಥವಾಗುತ್ತದೆ, ಅದೇ ಪ್ರಮಾಣದಲ್ಲಿ ನೋವೂ ಹೆಚ್ಚುತ್ತದೆ. ಸಾಮೀಪ್ಯ ಮತ್ತು ನೋವು ಒಂದೇ ಅಳತೆಗೋಲಿನ ಎರಡು ಹೆಸರುಗಳು ಎಂಬ ಧಾರಾವಾಹಿಯ ಮೂಲಸೂತ್ರವನ್ನು ಮೊದಲ ಎರಡು ಕಂತುಗಳೇ ದೇಹದ ಭಾಷೆಯಲ್ಲಿ ಹೇಳಿಬಿಡುತ್ತವೆ.

ಅದೇ ಸೂತ್ರವನ್ನು ಗೆಳೆತನದ ಮಟ್ಟದಲ್ಲಿ ಹೇಳಲು ಧಾರಾವಾಹಿ ಜರ್ಮನ್ ತತ್ತ್ವಜ್ಞಾನಿ ಆರ್ಥರ್ ಶೋಪೆನ್‌ಹೌವರ್ ಅವರ ದೃಷ್ಟಾಂತವೊಂದನ್ನು ಎರವಲು ಪಡೆಯುತ್ತದೆ. 1851ರ ಪ್ರಬಂಧ ಸಂಕಲನದಲ್ಲಿ ಬರುವ ಆ ದೃಷ್ಟಾಂತದ ಸಾರ ಇಷ್ಟು: ಚಳಿಯ ದಿನ ಮುಳ್ಳುಹಂದಿಗಳು ಬೆಚ್ಚಗಿರಲೆಂದು ಒತ್ತಾಗಿ ಸೇರುತ್ತವೆ, ಪರಸ್ಪರರ ಮುಳ್ಳು ಚುಚ್ಚಿದಾಗ ದೂರ ಸರಿಯುತ್ತವೆ, ಚಳಿ ತಡೆಯಲಾಗದೆ ಮತ್ತೆ ಹತ್ತಿರ ಬರುತ್ತವೆ, ಹೀಗೆ ಹಲವು ಸಲ ಹಿಂದುಮುಂದಾಗಿ ಕೊನೆಗೆ ಚಳಿಯನ್ನೂ ಮುಳ್ಳನ್ನೂ ಸಹಿಸಬಹುದಾದ ಒಂದು ಅಂತರವನ್ನು ಕಂಡುಕೊಳ್ಳುತ್ತವೆ. 1921ರಲ್ಲಿ ಗುಂಪಿನ ಮನಶ್ಶಾಸ್ತ್ರವನ್ನು ಕುರಿತು ಬರೆಯುವಾಗ ಸಿಗ್ಮಂಡ್ ಫ್ರಾಯ್ಡ್ ಇದನ್ನು ಬಳಸಿಕೊಂಡು, ದೀರ್ಘಕಾಲದ ಯಾವ ಆಪ್ತ ಸಂಬಂಧದಲ್ಲೂ ಅಸಹನೆಯ ಕೆಸರು ತಳದಲ್ಲಿರುತ್ತದೆ ಎಂದು ವಾದಿಸಿದರು. ಇಂಗ್ಲಿಷಿನಲ್ಲಿ ಈ ದೃಷ್ಟಾಂತಕ್ಕೆ ಅಂಟಿಕೊಂಡದ್ದು ಬೇರೊಂದು ಸಣ್ಣ ಪ್ರಾಣಿಯ ಹೆಸರು. ಜರ್ಮನ್ ಮೂಲದಲ್ಲೂ ಜಪಾನೀ ಸಂಭಾಷಣೆಯಲ್ಲೂ ಇರುವುದು ಕನ್ನಡಿಗರು ಮುಳ್ಳುಹಂದಿ ಎಂದೇ ಕರೆಯುವ ಉದ್ದ ಮುಳ್ಳಿನ ಪ್ರಾಣಿ. ಧಾರಾವಾಹಿಯ ನಾಲ್ಕನೆಯ ಕಂತಿನ ಇಂಗ್ಲಿಷ್ ಶೀರ್ಷಿಕೆಯೂ ಈ ದೃಷ್ಟಾಂತದ ಮೇಲೆಯೇ ನಿಂತಿದೆ.

ಆ ಕಂತಿನಲ್ಲಿ ನಡೆಯುವ ಗೆಳೆತನದ ಹುಟ್ಟು ವಿಶ್ಲೇಷಣೆಗೆ ಯೋಗ್ಯವಾದದ್ದು. ಶಿಂಜಿಯ ಮೊದಲ ಯುದ್ಧದಲ್ಲಿ ತಂಗಿ ಗಾಯಗೊಂಡಳೆಂಬ ಸಿಟ್ಟಿನಿಂದ ಸಹಪಾಠಿ ತೋಜಿ ಸುಜುಹಾರಾ ಅವನಿಗೆ ಗುದ್ದುತ್ತಾನೆ. ಮುಂದಿನ ದಾಳಿಯ ವೇಳೆ ಆಶ್ರಯತಾಣದಿಂದ ಕದ್ದು ಹೊರಬಂದ ತೋಜಿ ಮತ್ತು ಅವನ ಗೆಳೆಯ ಕೆನ್ಸುಕೆ ಆಕಸ್ಮಿಕವಾಗಿ ಇವಾದ ಒಳಗೇ ಸೇರಬೇಕಾಗಿ ಬಂದು, ಹೊರಗಿನಿಂದ ವೀರನಂತೆ ಕಾಣುವವನು ಒಳಗೆ ಪಡುವ ಯಾತನೆಯನ್ನು ಕಣ್ಣಾರೆ ನೋಡುತ್ತಾರೆ. ಊರು ಬಿಟ್ಟು ಹೊರಟ ಶಿಂಜಿಯನ್ನು ಬೀಳ್ಕೊಡಲು ನಿಲ್ದಾಣಕ್ಕೆ ಬಂದ ತೋಜಿ, ತಾನು ಕೊಟ್ಟ ಪೆಟ್ಟನ್ನು ತನಗೆ ಹಿಂದಿರುಗಿಸುವಂತೆ ಒತ್ತಾಯಿಸುತ್ತಾನೆ. ಮೇಲ್ನೋಟಕ್ಕೆ ಇದು ಹುಡುಗರ ಲೆಕ್ಕ ಚುಕ್ತಾ ಮಾಡುವ ಕ್ರಮವೆನಿಸಿದರೂ ಅದರ ಅರ್ಥ ಇನ್ನೂ ಆಳವಾದದ್ದು. ತನ್ನ ಮುಳ್ಳು ಇನ್ನೊಬ್ಬರಿಗೆ ಚುಚ್ಚಿದೆ ಎಂದು ಒಪ್ಪಿಕೊಂಡು, ಆ ಇನ್ನೊಬ್ಬರಿಗೂ ಚುಚ್ಚುವ ಹಕ್ಕಿದೆ ಎಂದು ಮನ್ನಿಸಿದ ಕ್ಷಣದಲ್ಲಿ ಇಲ್ಲಿ ಗೆಳೆತನ ಹುಟ್ಟುತ್ತದೆ. ಶಿಂಜಿ ರೈಲು ಹತ್ತದೆ ಉಳಿಯುತ್ತಾನೆ.

ಇಂಥ ಆರಂಭ ಕೊಟ್ಟ ಮೇಲೆ ಧಾರಾವಾಹಿ ಆ ಗೆಳೆತನವನ್ನು ಕಾಪಾಡುವುದಿಲ್ಲ. ತಂಗಿಗೆ ಒಳ್ಳೆಯ ಆಸ್ಪತ್ರೆ ಸಿಗಲೆಂಬ ಷರತ್ತಿನ ಮೇಲೆ ತೋಜಿ ಮತ್ತೊಂದು ಇವಾದ ಚಾಲಕನಾಗಲು ಒಪ್ಪುತ್ತಾನೆ. ಆ ಇವಾವನ್ನು ದೇವದೂತನೊಬ್ಬ ಆವರಿಸಿಕೊಂಡಾಗ ಅದನ್ನು ನಾಶಮಾಡುವಂತೆ ಶಿಂಜಿಗೆ ಆಜ್ಞೆ ಬರುತ್ತದೆ. ಒಳಗೆ ಮನುಷ್ಯನಿದ್ದಾನೆಂದು ಅವನು ಕೈ ಎತ್ತಲು ನಿರಾಕರಿಸಿದಾಗ, ಗೆಂಡೊ ಅವನ ನಿಯಂತ್ರಣವನ್ನೇ ಕಿತ್ತುಕೊಂಡು ಯಾಂತ್ರಿಕ ವ್ಯವಸ್ಥೆಯೊಂದಕ್ಕೆ ಒಪ್ಪಿಸುತ್ತಾನೆ. ತನ್ನದೇ ಇವಾದ ಕೈಗಳು ಎದುರಿನದನ್ನು ಹಿಸುಕಿ ಮುಗಿಸಿದ ನಂತರವಷ್ಟೇ ಒಳಗಿದ್ದವನು ತೋಜಿ ಎಂಬುದು ಶಿಂಜಿಗೆ ತಿಳಿಯುತ್ತದೆ. ಹೀಗೆ ಮಕ್ಕಳು ಕಷ್ಟಪಟ್ಟು ಕಂಡುಕೊಂಡ ಅಂತರವನ್ನು ಹಿರಿಯರ ಸಂಸ್ಥೆಯೊಂದು ತನ್ನ ಉದ್ದೇಶಕ್ಕಾಗಿ ಕ್ಷಣದಲ್ಲಿ ಅಳಿಸಿಹಾಕುತ್ತದೆ. ಮನಸ್ಸಿನ ಗಾಯವೆಲ್ಲ ಒಳಗಿನಿಂದಲೇ ಹುಟ್ಟುತ್ತದೆ ಎಂಬ ಸರಳ ಓದಿಗೆ ಈ ಪ್ರಸಂಗವೇ ಸಾಕಷ್ಟು ಉತ್ತರ.

24ನೆಯ ಕಂತಿನಲ್ಲಿ ಬರುವ ಕಾವೊರು ನಾಗಿಸಾ ಗೆಳೆತನದ ಇನ್ನೊಂದು ತುದಿ. ಅವನಿಗೆ ಮುಳ್ಳೇ ಇಲ್ಲ. ಶಿಂಜಿ ಜೀವಮಾನವಿಡೀ ಹಂಬಲಿಸಿದ್ದ, ಷರತ್ತಿಲ್ಲದ ಒಲವನ್ನು ಅವನು ಪರಿಚಯವಾದ ಸ್ವಲ್ಪದರಲ್ಲೇ ಮಾತಿನಲ್ಲಿ ಹೇಳುತ್ತಾನೆ. ಆದರೆ ಅವನೇ ಕೊನೆಯ ದೇವದೂತ. ಮನುಷ್ಯಕುಲ ಉಳಿಯಬೇಕಾದರೆ ಅವನನ್ನು ಶಿಂಜಿಯೇ ಕೊಲ್ಲಬೇಕು, ಹಾಗೆಂದು ಕೇಳುವವನೂ ಕಾವೊರುವೇ. ಇವಾದ ಮುಷ್ಟಿಯಲ್ಲಿ ಅವನಿರುವ ಚಿತ್ರವನ್ನು ನಿರ್ದೇಶಕರು ಸುಮಾರು ಒಂದು ನಿಮಿಷ ಅಲುಗಾಡಿಸದೆ ಹಿಡಿದಿಡುತ್ತಾರೆ. ನಿರ್ಧಾರದ ಭಾರ ಶಿಂಜಿಯ ಮೇಲಿರುವಷ್ಟೇ ಹೊತ್ತು ವೀಕ್ಷಕರ ಮೇಲೂ ಉಳಿಯುತ್ತದೆ. 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್ ಈ ಧಾರಾವಾಹಿಯನ್ನು ಹೊಸ ಇಂಗ್ಲಿಷ್ ಅನುವಾದದೊಂದಿಗೆ ಬಿಡುಗಡೆ ಮಾಡಿದಾಗ, ಕಾವೊರುವಿನ ಮಾತಿನಲ್ಲಿರುವ ‘ಸುಕಿ’ ಎಂಬ ಪದವನ್ನು ಪ್ರೀತಿ ಎನ್ನಬೇಕೆ ಮೆಚ್ಚುಗೆ ಎನ್ನಬೇಕೆ ಎಂಬ ಬಗ್ಗೆ ಬಿಸಿ ವಾದ ನಡೆಯಿತು. ಗೆಳೆತನ, ಮೋಹ, ಒಲವುಗಳ ನಡುವೆ ಗೆರೆ ಎಳೆಯದ ಆ ಜಪಾನೀ ಪದವನ್ನು ಉಳಿದ ಭಾಷೆಗಳಲ್ಲಿ ಒಂದು ಕಡೆಗೆ ತಳ್ಳಬೇಕಾಗಿ ಬಂದುದೇ ಆ ವಾದದ ಮೂಲ.

ಗೋಡೆಯೂ ವಿಲೀನವೂ

ಧಾರಾವಾಹಿಯಲ್ಲಿ ದೇವದೂತರ ಸುತ್ತ ಸಾಮಾನ್ಯ ಅಸ್ತ್ರಗಳು ಭೇದಿಸಲಾಗದ ‘ಎ.ಟಿ. ಫೀಲ್ಡ್’ ಎಂಬ ಬೆಳಕಿನ ತಡೆಯೊಂದು ಇರುತ್ತದೆ. ಆರಂಭದಲ್ಲಿ ಅದು ವೈಜ್ಞಾನಿಕ ಕಲ್ಪನೆಯ ಸಾಮಾನ್ಯ ಸಾಧನವೆಂಬಂತೆ ತೋರುತ್ತದೆ. ಆದರೆ ಅದು ಪ್ರತಿಯೊಬ್ಬರೂ ಹೊತ್ತಿರುವ ಮನಸ್ಸಿನ ಗೋಡೆಯೇ ಎಂಬುದನ್ನು ಕಾವೊರು ಬಯಲುಮಾಡುತ್ತಾನೆ. ಆ ಗೋಡೆಯಿಂದಲೇ ಒಬ್ಬರು ಇನ್ನೊಬ್ಬರಿಂದ ಬೇರೆಯಾಗಿದ್ದಾರೆ, ಒಂಟಿತನಕ್ಕೂ ಅದೇ ಕಾರಣ. ತೆರೆಮರೆಯಲ್ಲಿ ನಡೆಯುತ್ತಿರುವ ‘ಮಾನವ ಪರಿಪೂರ್ಣತಾ ಯೋಜನೆ’ಯ ಗುರಿ ಈ ಗೋಡೆಗಳನ್ನೆಲ್ಲ ಕರಗಿಸಿ, ಎಲ್ಲರ ಪ್ರಜ್ಞೆಯನ್ನೂ ಒಂದಾಗಿಸಿ, ಒಬ್ಬರ ಕೊರತೆಯನ್ನು ಇನ್ನೊಬ್ಬರಿಂದ ತುಂಬುವುದು. ಮುಳ್ಳುಹಂದಿಯ ಸಮಸ್ಯೆಗೆ ಮುಳ್ಳುಗಳನ್ನೂ ಹಂದಿಗಳನ್ನೂ ಒಟ್ಟಿಗೆ ಇಲ್ಲವಾಗಿಸುವ ಪರಿಹಾರವಿದು.

ಈ ಯೋಜನೆಯ ಆಕರ್ಷಣೆಯನ್ನು ಧಾರಾವಾಹಿ ಲಘುವಾಗಿ ತಳ್ಳಿಹಾಕುವುದಿಲ್ಲ. ಕೊನೆಯ ಎರಡು ಕಂತುಗಳಲ್ಲಿ ಯುದ್ಧವನ್ನು ಬಿಟ್ಟುಕೊಟ್ಟು ಶಿಂಜಿಯ ಮನಸ್ಸಿನೊಳಗೇ ಕಥೆ ನಡೆಯುತ್ತದೆ; ಪೆನ್ಸಿಲ್ ಗೆರೆ, ಸ್ಥಿರಚಿತ್ರ, ಬರಹದ ಫಲಕಗಳ ಮೂಲಕ ಅವನನ್ನು ಪ್ರಶ್ನಿಸಲಾಗುತ್ತದೆ. ಇತರರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬುದನ್ನು ತಾನೇ ಊಹಿಸಿಕೊಂಡು, ಆ ಊಹೆಯನ್ನೇ ಸತ್ಯವೆಂದು ಶಿಕ್ಷೆ ಅನುಭವಿಸುತ್ತಿದ್ದುದು ಅಲ್ಲಿ ಅವನಿಗೆ ಅರಿವಾಗುತ್ತದೆ. 1997ರ ಜುಲೈನಲ್ಲಿ ತೆರೆಕಂಡ ‘ದಿ ಎಂಡ್ ಆಫ್ ಇವಾಂಗೆಲಿಯನ್’ ಚಲನಚಿತ್ರ ಅದೇ ಅಂತ್ಯವನ್ನು ಹೊರಗಿನಿಂದ, ಭೀಕರವಾಗಿ ತೋರಿಸುತ್ತದೆ: ಮನುಷ್ಯಕುಲವೆಲ್ಲ ಒಂದು ಕಡಲಾಗಿ ಕರಗಿದ ಮೇಲೆ, ಮತ್ತೆ ನೋಯುವುದು ನಿಶ್ಚಿತವೆಂದು ತಿಳಿದೂ ಶಿಂಜಿ ಬೇರೆಬೇರೆ ದೇಹಗಳಿರುವ ಜಗತ್ತನ್ನು ಆರಿಸಿಕೊಳ್ಳುತ್ತಾನೆ. ಎದುರಿಗೆ ಇನ್ನೊಬ್ಬರಿಲ್ಲದ ಕಡೆ ನೋವಿಲ್ಲ, ನಿಜ. ಅಲ್ಲಿ ಕರೆಯಲು ಹೆಸರೂ ಇಲ್ಲ, ಕರೆದರೆ ತಿರುಗಿ ನೋಡುವ ಮುಖವೂ ಇಲ್ಲ. ಕಡಲತಡಿಯಲ್ಲಿ ಅವನ ಪಕ್ಕದಲ್ಲಿ ಎಚ್ಚರಗೊಳ್ಳುವ ಇನ್ನೊಬ್ಬ ಇವಾ ಚಾಲಕಿ ಅಸುಕಾ ಅವನನ್ನು ಅತಿ ಹೆಚ್ಚು ಚುಚ್ಚಿದವಳು, ಅವನಿಂದ ಅತಿ ಹೆಚ್ಚು ಚುಚ್ಚಿಸಿಕೊಂಡವಳು ಎಂಬುದರಿಂದ ಆ ಆಯ್ಕೆಗೆ ಯಾವ ಸಿಹಿಲೇಪವೂ ಉಳಿಯುವುದಿಲ್ಲ.

ಬೆಸೆದವರ ಕಥೆಗಳು: ಲೇನ್ ಮತ್ತು ಕಿಜ್ನೈವರ್

ಎಲ್ಲರೂ ಎಲ್ಲರಿಗೂ ಬೆಸೆದುಕೊಂಡರೆ ಏನಾದೀತು ಎಂಬ ಪ್ರಶ್ನೆಯನ್ನು 1998ರ ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ ತಂತ್ರಜ್ಞಾನದ ನೆಲಕ್ಕೆ ತಂದಿತು. ರ್ಯೂತಾರೊ ನಾಕಾಮುರಾ ನಿರ್ದೇಶಿಸಿ ಚಿಯಾಕಿ ಕೊನಾಕಾ ಬರೆದ 13 ಕಂತುಗಳ ಈ ಧಾರಾವಾಹಿಯಲ್ಲಿ ಲೇನ್ ಇವಾಕುರಾ ಎಂಬ ಮೌನಿ ಬಾಲಕಿ ‘ವೈರ್ಡ್’ ಎಂಬ ಗಣಕಜಾಲದೊಳಗೆ ಇಳಿದಂತೆ ಅವಳ ಇರವೇ ಜಾಲಕ್ಕೂ ಜಗತ್ತಿಗೂ ಹಂಚಿಹೋಗುತ್ತದೆ. ಅಲ್ಲಿ ಎಲ್ಲರೂ ಎಲ್ಲರಿಗೂ ತೆರೆದುಕೊಂಡಿರುವುದರ ಮೊದಲ ಬಲಿ ಅವಳ ಗೆಳತಿ ಅರಿಸು. ಅವಳು ಎದೆಯೊಳಗೆ ಬಚ್ಚಿಟ್ಟ ಗುಟ್ಟೊಂದು ಲೇನ್‌ಳ ರೂಪ ಹೊತ್ತ ಛಾಯೆಯಿಂದ ಜಾಲದ ತುಂಬ ಹರಡುತ್ತದೆ. ಹಾಗಿದ್ದೂ ಅರಿಸು ಲೇನ್‌ಳ ಮನೆಗೆ ಬಂದು, ಅವಳ ಕೈಯನ್ನು ತನ್ನ ಎದೆಯ ಮೇಲಿರಿಸಿ ಬಡಿತವನ್ನು ಮುಟ್ಟಿಸುತ್ತಾಳೆ. ದೇಹವಿಲ್ಲದ ಸಂಪರ್ಕವೇ ಮನುಷ್ಯರ ಮುಂದಿನ ಹಂತವೆಂಬ ಜಾಲದ ಒಡೆಯನ ವಾದಕ್ಕೆ ಆ ಬಡಿತಕ್ಕಿಂತ ಪ್ರಬಲವಾದ ಖಂಡನೆ ಧಾರಾವಾಹಿಯಲ್ಲಿ ಇಲ್ಲ. ಗೆಳತಿಗೆ ತನ್ನಿಂದಾದ ಗಾಯ ಮಾಯಲೆಂದು ಲೇನ್ ಎಲ್ಲರ ನೆನಪಿನಿಂದ ತನ್ನನ್ನೇ ಅಳಿಸಿಕೊಳ್ಳುವುದು ತ್ಯಾಗವೂ ಹೌದು, ಅಂತರವನ್ನು ಅನಂತಕ್ಕೆ ಎಳೆದ ಪಲಾಯನವೂ ಹೌದು. ಧಾರಾವಾಹಿ ಎರಡನ್ನೂ ತೂಗುತ್ತದೆ, ತಕ್ಕಡಿಯನ್ನು ಯಾವ ಕಡೆಗೂ ವಾಲಿಸುವುದಿಲ್ಲ.

ನೋವನ್ನು ಹಂಚಿಕೊಳ್ಳುವುದೆಂಬ ಮಾತನ್ನು ಅಕ್ಷರಶಃ ಪ್ರಯೋಗಕ್ಕಿಟ್ಟ ಧಾರಾವಾಹಿ 2016ರ ‘ಕಿಜ್ನೈವರ್’. ಟ್ರಿಗರ್ ಸಂಸ್ಥೆ ನಿರ್ಮಿಸಿ, ಹಿರೋಶಿ ಕೊಬಾಯಾಶಿ ನಿರ್ದೇಶಿಸಿ, ಮಾರಿ ಒಕಾದಾ ಬರೆದ ಈ 12 ಕಂತುಗಳ ಕೃತಿಯ ಹೆಸರಿನಲ್ಲೇ ಶ್ಲೇಷೆಯಿದೆ. ಜಪಾನಿಯಲ್ಲಿ ‘ಕಿಜುನಾ’ ಎಂದರೆ ನಂಟು, ‘ಕಿಜು’ ಎಂದರೆ ಗಾಯ. 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯ ನಂತರ ‘ಕಿಜುನಾ’ ಇಡೀ ದೇಶದ ಮಂತ್ರವಾಗಿ, ಆ ವರ್ಷವನ್ನು ಪ್ರತಿನಿಧಿಸುವ ಅಕ್ಷರವಾಗಿಯೂ ಆಯ್ಕೆಯಾಗಿತ್ತು. ಅಂಥ ಮಂಗಳಕರ ಪದದೊಳಗೆ ಗಾಯವೂ ಅಡಗಿದೆಯೆಂದು ನೆನಪಿಸುವುದು ಶೀರ್ಷಿಕೆಯ ಕೆಲಸ. ಕಥೆಯಲ್ಲಿ ಪರಸ್ಪರ ಆಗಿಬರದ ಏಳು ವಿದ್ಯಾರ್ಥಿಗಳನ್ನು ಅವರ ಒಪ್ಪಿಗೆಯಿಲ್ಲದೆ ಒಂದು ವ್ಯವಸ್ಥೆಗೆ ಬೆಸೆಯಲಾಗುತ್ತದೆ; ಒಬ್ಬರಿಗೆ ಪೆಟ್ಟು ಬಿದ್ದರೆ ಆ ನೋವು ಏಳು ಪಾಲಾಗಿ ಎಲ್ಲರಿಗೂ ಹರಿಯುತ್ತದೆ. ನೋವನ್ನು ಹಂಚಿದರೆ ಮನುಷ್ಯರು ಒಬ್ಬರನ್ನೊಬ್ಬರು ಅರಿಯುತ್ತಾರೆ, ಅರಿತರೆ ಜಗತ್ತಿನಲ್ಲಿ ಶಾಂತಿ ನೆಲೆಸುತ್ತದೆ ಎಂಬುದು ಪ್ರಯೋಗದ ಹಿಂದಿನ ತರ್ಕ.

ತರ್ಕ ಎಡವುವುದು ಮನಸ್ಸಿನ ನೋವೂ ಹರಿಯತೊಡಗಿದಾಗ. ತನ್ನೊಂದಿಗೆ ಮಾಂಗಾ ರಚಿಸುತ್ತಿದ್ದ ಗೆಳತಿ ರುರು ಕಾಯಿಲೆಯಿಂದ ಸತ್ತ ಮೇಲೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಹೊನೊಕಾ ಮಾಕಿಯ ಸಂಕಟ ಉಳಿದವರ ಎದೆಯಲ್ಲಿ ಇರಿಯುತ್ತದೆ; ಆದರೆ ಆ ಇರಿತದಿಂದ ಅವಳು ಯಾರನ್ನು ಕಳೆದುಕೊಂಡಳು, ಯಾಕೆ ತನ್ನನ್ನು ದೂಷಿಸಿಕೊಳ್ಳುತ್ತಿದ್ದಾಳೆ ಎಂಬುದು ಅವರಿಗೆ ತಿಳಿಯುವುದಿಲ್ಲ. ನೋವಿನ ಪ್ರಮಾಣ ರವಾನೆಯಾಗಬಲ್ಲದು, ಅದರ ಕಥೆ ರವಾನೆಯಾಗದು. ಕಥೆಯನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಹಿಂದಿನ ಪ್ರಯೋಗವೊಂದರಲ್ಲಿ ಇತರ ಮಕ್ಕಳ ನೋವನ್ನೆಲ್ಲ ತಾನೇ ಹೊತ್ತುಕೊಂಡು ಉಳಿದ ನೊರಿಕೊ ಸೊನೊಜಾಕಿ, ಹಾಗೆ ನೋವನ್ನು ಕಳೆದುಕೊಂಡು ಏನೂ ಅನ್ನಿಸದವನಾಗಿ ಬೆಳೆದ ಕಾತ್ಸುಹಿರಾ ಅಗಾತಾ ಇಬ್ಬರೂ ಈ ಲೆಕ್ಕಾಚಾರದ ವೈಫಲ್ಯಕ್ಕೆ ಸಾಕ್ಷಿಗಳು. ಹೊರೆಯೆಲ್ಲ ಒಂದೇ ಕಡೆ ಜಾರಿದಾಗ ಹೊತ್ತವಳಿಗೂ ಬಾಳಿಲ್ಲ, ಇಳಿಸಿಕೊಂಡವನಿಗೂ ಬಾಳಿಲ್ಲ. ವ್ಯವಸ್ಥೆಯ ಬೆಸುಗೆ ಕಳಚಿ ಚದುರಿಹೋದ ಏಳು ಮಂದಿ ಕೊನೆಗೆ ತಮ್ಮ ಇಚ್ಛೆಯಿಂದಲೇ ಮತ್ತೆ ಕೂಡುವ ಹೊತ್ತಿಗೆ, ಅವರನ್ನು ಗೆಳೆಯರೆಂದು ಕರೆಯಲು ಯಂತ್ರದ ಆಧಾರ ಬೇಕಾಗುವುದಿಲ್ಲ.

ವಿಜ್ಞಾನದ ಸಾಕ್ಷ್ಯ

ಮನಸ್ಸಿನ ನೋವನ್ನು ದೇಹದ ನೋವಿನ ಚಿತ್ರಗಳಲ್ಲಿ ಹೇಳುವುದು ಕೇವಲ ಕಲಾತಂತ್ರವೇ ಎಂಬ ಪ್ರಶ್ನೆಗೆ ನರವಿಜ್ಞಾನವೂ ಉತ್ತರ ಹುಡುಕಿದೆ. ನಯೋಮಿ ಐಸನ್‌ಬರ್ಗರ್ ಮತ್ತು ಸಹಸಂಶೋಧಕರು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಣಕದ ಪರದೆಯ ಮೇಲೆ ಚೆಂಡು ಎಸೆದಾಡುವ ಆಟವೊಂದರಿಂದ ಭಾಗಿಗಳನ್ನು ಹೊರಗಿಟ್ಟು, ಆಗ ಅವರ ಮಿದುಳಿನಲ್ಲಾಗುವ ಬದಲಾವಣೆಯನ್ನು ಅಳೆಯಲಾಯಿತು. ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ್ದೆಂದು ತಿಳಿಯಲಾಗಿದ್ದ ಮಿದುಳಿನ ಮುಂಭಾಗದ ಒಂದು ಪಟ್ಟಿ ಹೊರಗಿಟ್ಟಾಗಲೂ ಹೆಚ್ಚು ಸಕ್ರಿಯವಾಯಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೆಚ್ಚು ಸೂಕ್ಷ್ಮವಾದ ವಿಶ್ಲೇಷಣೆ ನಡೆಸಿ, ಎರಡು ಬಗೆಯ ನೋವುಗಳೂ ಒಂದೇ ಪ್ರದೇಶದಲ್ಲಿ ಕಂಡರೂ ಅವುಗಳ ವಿನ್ಯಾಸ ಬೇರೆಬೇರೆ ಎಂದು ತೋರಿಸಿತು. ನೆರೆಮನೆಗಳಂತಿರುವ ಈ ಎರಡು ನೋವುಗಳ ನಡುವೆಯೂ ಒಂದು ಗೋಡೆಯಿದೆ ಎಂದಾಯಿತು. ಒಂದನ್ನು ಇನ್ನೊಂದರ ರೂಪಕವಾಗಿ ಬಳಸುವುದಕ್ಕೆ ಇದರಿಂದ ಸಮರ್ಥನೆ ಸಿಗುತ್ತದೆ. ಎರಡೂ ಒಂದೇ ಎನ್ನುವುದಕ್ಕೆ ಸಿಗುವುದಿಲ್ಲ.

ಪಕ್ಕದಲ್ಲಿ ಕೂರುವುದು

ವಿಲೀನದ ಕನಸನ್ನು ತಿರಸ್ಕರಿಸಿದ ಮೇಲೆ ಉಳಿಯುವ ಗೆಳೆತನ ದಿನನಿತ್ಯದಲ್ಲಿ ಹೇಗಿರುತ್ತದೆ ಎಂಬುದನ್ನು ತೋರಿಸುವ ಕೆಲಸವನ್ನು ಹೆಚ್ಚು ಸೌಮ್ಯವಾದ ಕೃತಿಗಳು ಮಾಡಿವೆ. ಒಕಾದಾ ಅವರೇ ಬರೆದ 2011ರ ‘ಅನೊಹಾನಾ’ದಲ್ಲಿ, ಬಾಲ್ಯದ ಗೆಳತಿ ಸತ್ತ ಮೇಲೆ ಚದುರಿಹೋದ ಐವರು ಅವಳ ನೆನಪಿನ ನೆಪದಲ್ಲಿ ಮತ್ತೆ ಸೇರುತ್ತಾರೆ, ಒಬ್ಬೊಬ್ಬರೂ ಆ ಸಾವಿಗೆ ತಾನೇ ಕಾರಣವೆಂದು ಗುಟ್ಟಾಗಿ ನಂಬಿದ್ದರೆಂಬುದು ಹೊರಬೀಳುವುದೇ ಅಲ್ಲಿನ ಬಿಡುಗಡೆ. ಯೋಶಿತೊಕಿ ಓಯಿಮಾ ಅವರ ಮಾಂಗಾ ಆಧರಿಸಿ ನಾವೊಕೊ ಯಾಮಾದಾ 2016ರಲ್ಲಿ ನಿರ್ದೇಶಿಸಿದ ‘ಎ ಸೈಲೆಂಟ್ ವಾಯ್ಸ್’ ಧಾರಾವಾಹಿಯಲ್ಲ, ಚಲನಚಿತ್ರ. ಆದರೂ ಕಿವುಡು ಸಹಪಾಠಿಯನ್ನು ಕಾಡಿದ ಹುಡುಗನೇ ಮುಂದೆ ಅವಳ ಗೆಳೆತನ ಅರಸಿ ಬರುವ ಅದರ ಕಥೆ ಈ ಚರ್ಚೆಗೆ ಅಗತ್ಯ. ಅವನು ಯಾರ ಕಣ್ಣನ್ನೂ ಎದುರಿಸಲಾರದ ದಿನಗಳಲ್ಲಿ ಎಲ್ಲರ ಮುಖದ ಮೇಲೂ ನೀಲಿ ಅಡ್ಡಗೆರೆಗಳ ಗುರುತೊಂದು ಅಂಟಿಕೊಂಡಿರುತ್ತದೆ. ಮೂಲ ಮಾಂಗಾ ಸರಣಿಯಾಗಿ ಆರಂಭವಾದ 2013ರಲ್ಲೇ ಜಪಾನಿನ ಸಂಸತ್ತು ಶಾಲಾ ಪೀಡನೆಯನ್ನು ತಡೆಯುವ ಕಾನೂನನ್ನು ಅಂಗೀಕರಿಸಿತ್ತು. ಕಾನೂನು ಪೀಡನೆಯನ್ನು ನಿಲ್ಲಿಸಬಹುದು. ಪೀಡಿಸಿದವನೂ ಪೀಡಿತಳೂ ನಂತರ ಒಂದೇ ಊರಿನಲ್ಲಿ ಹೇಗೆ ಬಾಳಬೇಕೆಂಬ ಪ್ರಶ್ನೆ ಕಾನೂನಿನ ಆಚೆಯದು.

ಚಿಕಾ ಉಮಿನೊ ಅವರ ಮಾಂಗಾ ಆಧರಿಸಿ 2016ರಿಂದ 2018ರವರೆಗೆ ಎರಡು ಸರಣಿಗಳಲ್ಲಿ, ಒಟ್ಟು 44 ಕಂತುಗಳಾಗಿ ಪ್ರಸಾರವಾದ ‘ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್’ ಈ ಪೈಕಿ ಅತ್ಯಂತ ಪಕ್ವವಾದದ್ದು. ಮನೆಯವರನ್ನೆಲ್ಲ ಅಪಘಾತದಲ್ಲಿ ಕಳೆದುಕೊಂಡ ರೇ ಕಿರಿಯಾಮಾ ಹದಿನೇಳರ ಪ್ರಾಯದಲ್ಲೇ ವೃತ್ತಿಪರ ಶೋಗಿ ಆಟಗಾರ. ಶೋಗಿ ಎಂದರೆ ಚದುರಂಗವನ್ನು ಹೋಲುವ ಜಪಾನೀ ಆಟ. ಟೋಕಿಯೊದ ನದಿಯಂಚಿನ ಬರಿಯ ಕೋಣೆಯಲ್ಲಿ ಒಂಟಿಯಾಗಿರುವ ಅವನನ್ನು ಹೊಳೆಯಾಚೆಯ ಮೂವರು ಅಕ್ಕತಂಗಿಯರು ಊಟಕ್ಕೆ ಕರೆಯುತ್ತಾರೆ. ನಡುವಿನವಳಾದ ಹಿನಾತಾ, ಶಾಲೆಯಲ್ಲಿ ಪೀಡನೆಗೊಳಗಾದ ಗೆಳತಿಯ ಪರ ನಿಂತದ್ದರಿಂದ ತಾನೇ ಮುಂದಿನ ಗುರಿಯಾಗುತ್ತಾಳೆ. ಅತ್ತುಕೊಂಡೇ ತಾನು ಮಾಡಿದ್ದು ತಪ್ಪಲ್ಲವೆಂದು ಸಾರುತ್ತಾಳೆ. ರೇ ಅವಳ ನೋವನ್ನು ತನ್ನದಾಗಿಸಿಕೊಳ್ಳಲು ಹೊರಡುವುದಿಲ್ಲ, ಅದು ಸಾಧ್ಯವಿಲ್ಲವೆಂಬುದು ಅವನಿಗೆ ಗೊತ್ತು. ಅವನು ತನ್ನ ಶಿಕ್ಷಕರ ಸಲಹೆ ಕೇಳುತ್ತಾನೆ, ಹಣ ಕೂಡಿಸುವ ಲೆಕ್ಕ ಹಾಕುತ್ತಾನೆ, ಶಾಲೆಯ ಪ್ರವಾಸದಲ್ಲಿ ಅವಳು ಒಂಟಿಯಾಗಿರುವಳೆಂದು ಪಂದ್ಯ ಮುಗಿಸಿ ಕ್ಯೋಟೊಗೆ ಧಾವಿಸಿ, ನದಿಯ ದಂಡೆಯಲ್ಲಿ ಅವಳನ್ನು ಹುಡುಕಿಕೊಳ್ಳುತ್ತಾನೆ. ಇವಾಂಗೆಲಿಯನ್ನಿನ ಶಿಂಜಿ ಕೊನೆಯ ಕ್ಷಣದಲ್ಲಿ ಆರಿಸಿಕೊಂಡ ಆ ಬೇರ್ಪಟ್ಟ ಜಗತ್ತಿನಲ್ಲಿ ನಾಳೆಯಿಂದ ಏನು ಮಾಡಬೇಕೆಂಬುದಕ್ಕೆ ಈ ಧಾರಾವಾಹಿ ಇಪ್ಪತ್ತು ವರ್ಷಗಳ ನಂತರ ಕೊಟ್ಟ ಉತ್ತರವೆಂದು ಇದನ್ನು ಓದಬಹುದು.

ಆಕ್ಷೇಪಗಳು

ಈ ಪರಂಪರೆಯ ಮೇಲೆ ಮೂರು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, ಒಬ್ಬ ಹುಡುಗ ಮತ್ತು ಅವನ ಒಬ್ಬಿಬ್ಬರು ಆಪ್ತರ ಮನಃಸ್ಥಿತಿಯನ್ನು ನೇರವಾಗಿ ಜಗತ್ತಿನ ಅಳಿವು ಉಳಿವಿಗೆ ಕಟ್ಟಿ, ನಡುವೆ ಇರಬೇಕಾದ ಸಮಾಜ, ರಾಜಕಾರಣ, ದುಡಿಮೆಗಳನ್ನು ಮರೆಮಾಡುವುದು. ಜಪಾನೀ ವಿಮರ್ಶೆ 2000ದ ದಶಕದಲ್ಲಿ ಇಂಥ ಕೃತಿಗಳಿಗೆ ‘ಸೆಕಾಯ್-ಕೆಯ್’, ಅಂದರೆ ಜಗತ್ತಿನ ಮಾದರಿಯವು ಎಂಬ ಹೆಸರಿಟ್ಟಿತು. ತ್ಸುನೆಹಿರೊ ಉನೊ 2008ರ ತಮ್ಮ ಪುಸ್ತಕದಲ್ಲಿ ಇವಾಂಗೆಲಿಯನ್ ನಂತರದ ಒಳಸರಿಯುವಿಕೆಯನ್ನು ಕಟುವಾಗಿ ಟೀಕಿಸಿದರು. ಎರಡನೆಯದು, ಹಲವು ಕೃತಿಗಳಲ್ಲಿ ಹುಡುಗಿಯರ ಗಾಯ ಹುಡುಗನ ಮನಃಪರಿವರ್ತನೆಗೆ ಸಾಮಗ್ರಿಯಾಗಿಬಿಡುವುದು. ‘ಅನೊಹಾನಾ’ದ ಸತ್ತ ಗೆಳತಿ ಉಳಿದವರಿಗಾಗಿ ಅಳುತ್ತಾಳೆಯೇ ಹೊರತು ಅವಳಿಗೆ ತನ್ನದೇ ಎಂಬ ಸಿಟ್ಟಿಲ್ಲ. ಮೂರನೆಯದು, ತೀವ್ರ ಖಿನ್ನತೆಯಲ್ಲಿರುವ ಮಕ್ಕಳು ಕಥೆಯ ತುಂಬ ಇದ್ದರೂ ಅವರಿಗೆ ಚಿಕಿತ್ಸೆ ಕೊಡುವವರು ಹೆಚ್ಚುಕಡಿಮೆ ಕಾಣದಿರುವುದು. ಗೆಳೆಯರ ಹೆಗಲ ಮೇಲೆ ವೈದ್ಯರ ಹೊರೆಯನ್ನೂ ಹೊರಿಸಿದಂತೆ ತೋರುವುದು.

ಮೊದಲ ಎರಡು ಆಕ್ಷೇಪಗಳಲ್ಲಿ ಹುರುಳಿದೆ, ಆದರೆ ಎಲ್ಲ ಕೃತಿಗಳಿಗೂ ಅವು ಸಮಾನವಾಗಿ ತಾಕುವುದಿಲ್ಲ. ತೋಜಿಯ ಪ್ರಸಂಗದಲ್ಲಿ ಸಂಸ್ಥೆಯ ಕೈವಾಡ ಸ್ಪಷ್ಟವಾಗಿದೆ. ಹಿನಾತಾಳ ಪ್ರಕರಣದಲ್ಲಿ ಕಣ್ಣು ಮುಚ್ಚಿಕೊಂಡ ತರಗತಿ ಶಿಕ್ಷಕಿ, ತಡವಾಗಿಯಾದರೂ ಮಧ್ಯೆ ಬರುವ ಶಾಲೆ, ಬೆನ್ನಿಗೆ ನಿಲ್ಲುವ ಅಜ್ಜ ಎಲ್ಲರೂ ಇದ್ದಾರೆ, ಆ ಹುಡುಗಿಯ ಸಿಟ್ಟು ಅವಳದೇ ಆಗಿದೆ. ಮೂರನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ಗೆಳೆತನ ನೋವನ್ನು ವಾಸಿಮಾಡುವುದಿಲ್ಲ ಎಂದು ಈ ಧಾರಾವಾಹಿಗಳೇ ಒತ್ತಿ ಹೇಳುವಾಗ, ವಾಸಿಮಾಡಬಲ್ಲವರನ್ನೂ ಕಥೆಯೊಳಗೆ ತರಬೇಕಾದ ಹೊಣೆ ಅವುಗಳ ಮೇಲಿತ್ತು. ಹೆಚ್ಚಿನವು ಅದನ್ನು ನಿಭಾಯಿಸಿಲ್ಲ.

ಒಟ್ಟಾರೆ ನೋಡಿದಾಗ, ಮೂರು ದಶಕಗಳ ಈ ಪರಂಪರೆ ತನ್ನ ಮೂಲಪ್ರಶ್ನೆಗೆ ಕೊಟ್ಟಿರುವ ಉತ್ತರ ಸ್ಥಿರವಾಗಿದೆ. ಇವಾಂಗೆಲಿಯನ್ನಿನ ಕಡಲು, ಲೇನ್‌ಳ ಜಾಲ, ಕಿಜ್ನೈವರ್‌ನ ಬೆಸುಗೆ ಇವು ಮೂರೂ ನೋವನ್ನು ನೇರವಾಗಿ ದಾಟಿಸುವ ಯಂತ್ರಗಳು. ಮೂರೂ ಕಡೆ ಯಂತ್ರ ಕೆಲಸ ಮಾಡುತ್ತದೆ, ಮೂರೂ ಕಡೆ ಗೆಳೆತನ ಹುಟ್ಟುವುದು ಯಂತ್ರ ನಿಂತ ಜಾಗದಲ್ಲಿ ಅಥವಾ ಅದಕ್ಕೆ ಬೆನ್ನು ಮಾಡಿದವರಲ್ಲಿ. ಇನ್ನೊಬ್ಬರ ನೋವು ತನ್ನದಾಗದು ಎಂಬ ಅರಿವೇ ಅದನ್ನು ಕುರಿತು ಕೇಳುವಂತೆ ಮಾಡುತ್ತದೆ, ಕೇಳಿದಾಗಲೇ ನೊಂದವರು ಹೇಳಲು ಆರಂಭಿಸುತ್ತಾರೆ. ‘ನೋವು ಹಂಚಿಕೊಳ್ಳುವುದು’ ಎಂಬ ನುಡಿಗಟ್ಟಿನಲ್ಲಿ ಹಂಚಿಕೆಯಾಗುವುದು ನೋವಲ್ಲ, ಅದನ್ನು ಕುರಿತ ಮಾತು ಮತ್ತು ಅದಕ್ಕೆ ಕೊಟ್ಟ ಹೊತ್ತು. ನೋವು ನೊಂದವರ ಬಳಿಯೇ ಉಳಿಯುತ್ತದೆ.